ಯಾರು ಕೊಟ್ಟ ನೋಟೀಸು

ಆ ಸೋಮವಾರ ಬೆಳಿಗ್ಗೆ ನನ್ನ ಹೊಲಿಗೆ ಮೆಷಿನ್ನು ಸೀಮೆಸುಣ್ಣದ ಗೆರೆ ದಾಟಿ ನಾಲ್ಕು ಬೆರಳು ಮುಂದೆ ಬಂದಿತ್ತು. ಹಿಂದಿನ ದಿನ ನೆಲ ಒರೆಸುವಾಗ ನಾನೇ ತಳ್ಳಿರಬೇಕು ಅಂದುಕೊಂಡೆ. ಅಡುಗೆಮನೆಗೆ ಹೋಗಿ ನೋಡಿದರೆ ಅಕ್ಕಿ ಡಬ್ಬ ತನ್ನ ಗೆರೆಯಿಂದ ಒಂದು ಗೇಣು ಈಚೆಗಿತ್ತು. ಒಳಕೋಣೆಯ ಬೀರುವೂ ಹಾಗೇ. ಮೂರೂ ಸರಿದಿದ್ದದ್ದು ಬಾಗಿಲ ಕಡೆಗೆ. ಕೈಯಲ್ಲಿದ್ದ ಪೊರಕೆ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ.

ನಮ್ಮ ಊರಲ್ಲಿ ಬಾಡಿಗೆಗಿರುವವರೆಲ್ಲ ಸಾಮಾನಿನ ಸುತ್ತ ಗೆರೆ ಎಳೆದಿಟ್ಟುಕೊಳ್ಳುತ್ತಾರೆ. ಮನೆ ಬಿಡಿಸುವುದಾದರೆ ಮಾಲೀಕರು ಸ್ವಂತ ಕೈಯಲ್ಲಿ ನೋಟೀಸು ಬರೆಯಬೇಕು, ಬಿಡುವುದಾದರೆ ಬಾಡಿಗೆಯವರು ಬರೆಯಬೇಕು. ತಾರೀಕು ಬೇಕು, ಮೂವತ್ತು ದಿನದ ಗಡುವು ಬೇಕು, ಕಾರಣ ಬೇಕು, ಆ ಕಾರಣ ನಿಜವೂ ಆಗಿರಬೇಕು. ತೆಗೆದುಕೊಂಡವರು ಕೆಳಗೆ ‘ತಲುಪಿತು’ ಎಂದು ಬರೆದು ರುಜು ಹಾಕಬೇಕು. ಇಷ್ಟು ಸರಿಯಾಗಿ ನಡೆದರೆ ಮಾರನೆಯ ದಿನದಿಂದ ಬಾಡಿಗೆಯವರ ಸಾಮಾನು ದಿನಕ್ಕಿಷ್ಟು ಎಂದು ಬಾಗಿಲ ಕಡೆ ಸರಿಯುತ್ತದೆ. ಸರಿಯುವುದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಮೂವತ್ತನೆಯ ದಿನ ಮಾತ್ರ ಎಲ್ಲವೂ ಹೊಸ್ತಿಲ ಆಚೆ ಇರುತ್ತದೆ. ಬೀರುವನ್ನು ಕಿಟಕಿಗೆ ಹಗ್ಗದಲ್ಲಿ ಕಟ್ಟಿದವರಿದ್ದಾರೆ. ಬೆಳಗಾದರೆ ಹಗ್ಗ ಬಿಚ್ಚಿಕೊಂಡು ಬಿದ್ದಿರುತ್ತದೆ. ನೋಟೀಸಿನಲ್ಲಿ ತಪ್ಪಿದ್ದರೆ ಮಾತ್ರ ಏನೂ ಆಗುವುದಿಲ್ಲ. ನಮ್ಮ ಬೀದಿಯ ಹಿಟ್ಟಿನ ಗಿರಣಿಯವನು ‘ಮಗನ ಮದುವೆಗೆ ಮನೆ ಬೇಕು’ ಎಂದು ಬರೆದುಕೊಟ್ಟು ಮೂರು ತಿಂಗಳು ಕಾದ. ಬಾಡಿಗೆಯವರ ಒಂದು ಚಮಚವೂ ಅಲುಗಲಿಲ್ಲ. ಕೊನೆಗೆ ‘ಇವರ ಕೋಳಿ ಕೂಗು ತಡೆಯಲಾರೆ’ ಎಂದು ಬರೆದುಕೊಟ್ಟ. ಮಾರನೆಯ ಬೆಳಿಗ್ಗೆಯೇ ಅವರ ಮಂಚ ಹೊರಟಿತು.

ನಾವು ಯಾವ ನೋಟೀಸನ್ನೂ ತೆಗೆದುಕೊಂಡಿರಲಿಲ್ಲ. ಕಂಡಕ್ಟರ್ ಚೆನ್ನವೀರಪ್ಪನವರ ಮನೆಯ ಹಿಂಭಾಗಕ್ಕೆ ನಾನೂ ನನ್ನ ತಂಗಿ ಮಂದಾಕಿನಿಯೂ ಬಂದು ಹನ್ನೊಂದು ವರ್ಷವಾಗಿತ್ತು. ನಾನು ಮನೆಯಲ್ಲೇ ಸೀರೆಗೆ ಫಾಲ್ಸ್ ಹಚ್ಚುತ್ತೇನೆ, ಬ್ಲೌಸಿಗೆ ಹುಕ್ಸ್ ಇಡುತ್ತೇನೆ. ಮಂದಾ ಬಸ್‌ಸ್ಟ್ಯಾಂಡ್ ಹತ್ತಿರದ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುತ್ತಾಳೆ. ತಿಂಗಳ ಸಂಬಳ ಬರುವುದು ಅವಳಿಗಾದ್ದರಿಂದ ಮನೆಯ ಕರಾರು ಅವಳ ಹೆಸರಲ್ಲಿತ್ತು. ಅಮ್ಮ ಹೋದಾಗ ಅವಳಿಗೆ ಒಂಬತ್ತು ವರ್ಷ, ನನಗೆ ಇಪ್ಪತ್ತು. ಅವಳನ್ನು ಬೆಳೆಸಿದವಳು ನಾನು. ಅವಳಿಗೀಗ ಮೂವತ್ತೆಂಟಾದರೂ ಅವಳ ವಿಷಯದಲ್ಲಿ ನಾನು ಎಚ್ಚರ ತಪ್ಪಿದವಳಲ್ಲ. ಅಂಗಡಿ ಮುಚ್ಚುವುದು ಆರು ಗಂಟೆಗೆ, ಅಲ್ಲಿಂದ ಮನೆಗೆ ಹದಿನೆಂಟು ನಿಮಿಷದ ದಾರಿ. ಇಪ್ಪತ್ತೈದಾದರೆ ಎಲ್ಲಿದ್ದೆ ಎಂದು ಕೇಳುತ್ತಿದ್ದೆ. ಅವಳು ಕೈಕಾಲು ತೊಳೆಯಲು ಹೋದಾಗ ಬ್ಯಾಗು ತೆಗೆದು ನೋಡುತ್ತಿದ್ದೆ. ಊಟದ ಡಬ್ಬಿ ತೊಳೆದಿಡಬೇಕಲ್ಲ ಎಂಬುದು ನಾನು ನನಗೇ ಹೇಳಿಕೊಳ್ಳುತ್ತಿದ್ದ ನೆಪ.

ಅವತ್ತು ಸಂಜೆ ಮಂದಾ ಬಂದ ಕೂಡಲೇ ಕೈ ಹಿಡಿದು ಗೆರೆಗಳನ್ನು ತೋರಿಸಿದೆ.

“ನೀನೆಲ್ಲಾದ್ರೂ ರುಜು ಹಾಕಿದ್ಯಾ?”

“ಇಲ್ಲಕ್ಕ. ನನಗೆ ಯಾರೂ ನೋಟೀಸು ಕೊಟ್ಟಿಲ್ಲ,” ಅಂದಳು. ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿಕೊಂಡು ನಿಂತಲ್ಲೇ ಕುಡಿದಳು. ಮತ್ತೊಂದು ಲೋಟ ಕುಡಿದಳು.

ಹಾಗಾದರೆ ಯಾರೋ ಅವಳ ರುಜುವನ್ನು ಕಳ್ಳತನದಲ್ಲಿ ಹಾಕಿದ್ದಾರೆ. ಕಳ್ಳ ರುಜುವಿಗೂ ಸಾಮಾನು ಸರಿಯುತ್ತದೆ ಎಂಬ ಮಾತು ಊರಲ್ಲಿತ್ತು. ಯಾರೋ ಏನು ಬಂತು, ಮನೆ ಚೆನ್ನವೀರಪ್ಪನವರದು. ಹಿಂದಿನ ಕೆಲವು ತಿಂಗಳನ್ನೆಲ್ಲ ನೆನಪು ಮಾಡಿಕೊಂಡೆ. ಗಾರೆ ಕೆಲಸದವನನ್ನು ಕರೆತಂದು ನಮ್ಮ ಹಿಂಬದಿಯ ಸೂರು ತೋರಿಸಿದ್ದರು. ಅವರ ಹೆಂಡತಿ ಗುರುಬಸಮ್ಮ ಸುಮ್ಮಸುಮ್ಮನೆ ಒಳಗೆ ಬಂದು ಬೀರುವನ್ನು ತಟ್ಟಿ, “ಇದನ್ನ ಎತ್ತೋಕೆ ಎಷ್ಟು ಜನ ಬೇಕಾಗ್ತದೆ?” ಎಂದು ಕೇಳಿದ್ದರು. ಆಗ ನಕ್ಕಿದ್ದೆ. ಈಗ ಒಂದೊಂದೂ ತಾಳೆಯಾಗುತ್ತಿತ್ತು.

ಮಾರನೆಯ ದಿನ ಅವರ ಮುಂಬಾಗಿಲಿಗೆ ಹೋದೆ. ಚೆನ್ನವೀರಪ್ಪನವರು ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

“ಯಜಮಾನ್ರೇ, ನೋಟೀಸು ಬರ್ದಿದೀರಾ?”

“ನಾನು ಬರ್ದಿಲ್ಲಮ್ಮ.”

“ಮತ್ತೆ ನಮ್ಮ ಸಾಮಾನು ಯಾಕೆ ಸರೀತಿದೆ?”

ಅವರು ಕೈಯಲ್ಲಿದ್ದ ಸಿಪ್ಪೆಯನ್ನು ಒಂದು ಕಡೆ ಹಾಕಿ, ಕಾಳನ್ನು ಇನ್ನೊಂದು ಕಡೆ ಹಾಕಿ, ನನ್ನ ಮುಖ ನೋಡದೆ ಹೇಳಿದರು: “ಅನಸೂಯಮ್ಮ, ಅಕ್ಕತಂಗಿ ಕೂತು ಮಾತಾಡ್ಕೊಳ್ರಿ. ಬಾಯಿಬಿಟ್ಟು ಮಾತಾಡ್ಕೊಳ್ರಿ.”

ಬರೆದಿಲ್ಲ ಎಂದ ಮನುಷ್ಯ ಆಣೆ ಮಾಡಲಿಲ್ಲ, ಸಿಟ್ಟಾಗಲಿಲ್ಲ, ನಮ್ಮ ಮನೆಗೆ ಬಂದು ಗೆರೆ ನೋಡುತ್ತೇನೆ ಎನ್ನಲೂ ಇಲ್ಲ. ತಪ್ಪು ಮಾಡಿದವರಲ್ಲದೆ ಇನ್ಯಾರು ಹೀಗಿರುತ್ತಾರೆ? ಅಲ್ಲಿಂದ ಸೀದಾ ಬೀದಿ ನಲ್ಲಿಗೆ ಹೋದೆ. ಎದುರು ಮನೆಯ ಶಾರದಾಬಾಯಿ ಕೊಡ ತುಂಬಿಸುತ್ತಿದ್ದರು. ಅವರ ಹಿಂದೆ ಇನ್ನೂ ನಾಲ್ಕೈದು ಹೆಂಗಸರಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ಕಂಡಕ್ಟ್ರು ನನ್ನ ತಂಗಿ ರುಜು ತಾವೇ ಹಾಕ್ಕೊಂಡಿದಾರೆ. ಬಿಳಿ ಪಂಚೆ ನೋಡಿ ಮೋಸ ಹೋಗ್ಬೇಡಿ.”

ಅಂಥ ಮಾತು ನಮ್ಮ ಊರಲ್ಲಿ ಬೇಗ ಹರಡುತ್ತದೆ. ಬಾಡಿಗೆಯವರಿಗೆ ಕಳ್ಳ ರುಜುವಿನಷ್ಟು ಭಯ ಇನ್ನೊಂದಿಲ್ಲ. ಎರಡು ದಿನ ಬಿಟ್ಟು ಅವರ ಮಹಡಿಯ ಖಾಲಿ ಕೋಣೆ ನೋಡಲು ಒಬ್ಬ ನರ್ಸು ಬಂದಿದ್ದಳು. ಶಾರದಾಬಾಯಿ ಅವಳನ್ನು ನಲ್ಲಿಯ ಹತ್ತಿರವೇ ನಿಲ್ಲಿಸಿಕೊಂಡು ಏನೋ ಹೇಳಿದರು. ಅವಳು ಮಹಡಿ ಹತ್ತದೆ ಹಾಗೇ ತಿರುಗಿದಳು. ರೇಷನ್ ಅಂಗಡಿಯ ಸಾಲಿನಲ್ಲಿ ಚೆನ್ನವೀರಪ್ಪನವರ ಹಿಂದೆಮುಂದೆ ನಿಂತವರು ಮಾತಾಡುವುದನ್ನು ಬಿಟ್ಟರು. ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಅವರು ತಲೆ ತಗ್ಗಿಸಿ ನಿಂತಿದ್ದನ್ನು ನಾನು ನೋಡಿದೆ. ನನಗೆ ಸಮಾಧಾನವೇ ಆಯಿತು.

ಮನೆಯಲ್ಲಿ ಸಾಮಾನು ಸರಿಯುತ್ತಲೇ ಇತ್ತು. ದಿನಾ ಬೆಳಿಗ್ಗೆ ಹೊಸ ಗೆರೆ ಎಳೆಯುತ್ತಿದ್ದೆ. ಹತ್ತನೆಯ ದಿನಕ್ಕೆ ಒಲೆ ಅಡುಗೆಮನೆಯ ಬಾಗಿಲಿಗೆ ಬಂದಿತು. ನಾನು ಹಜಾರದಲ್ಲಿ ಕುಕ್ಕರಗಾಲಲ್ಲಿ ಕೂತು ಅಡುಗೆ ಮಾಡಿದೆ. ಮಂದಾ ಊಟಕ್ಕೆ ಕೂತಾಗೆಲ್ಲ, “ಪುರಸಭೆಗೆ ದೂರು ಕೊಡೋಣ, ನೀನು ಒಂದು ಸಲ ಬಾ, ನಿನ್ನ ರುಜು ಹೇಗಿರತ್ತೆ ಅಂತ ತೋರ್ಸು,” ಎನ್ನುತ್ತಿದ್ದೆ. ಅವಳು “ನೋಡೋಣಕ್ಕ” ಎನ್ನುತ್ತಿದ್ದಳು. “ಯಜಮಾನ್ರನ್ನ ಬೈಬೇಡ. ಅವರು ಅಂಥವರಲ್ಲ,” ಎಂದು ಒಂದು ಸಲ ಅಂದಳು. ಅವಳು ಹುಡುಗಿಯಾಗಿದ್ದಾಗಿನಿಂದಲೂ ಹಾಗೇ, ಯಾರನ್ನಾದರೂ ನಂಬುತ್ತಾಳೆ, ಲೋಕ ಗೊತ್ತಿಲ್ಲ ಅಂದುಕೊಂಡೆ.

ಹತ್ತೊಂಬತ್ತನೆಯ ದಿನ ಚೆನ್ನವೀರಪ್ಪನವರು ಪಿಂಚಣಿ ಆಫೀಸಿಗೆ ಹೋಗುವುದನ್ನು ಕಿಟಕಿಯಿಂದ ನೋಡಿದೆ. ಗುರುಬಸಮ್ಮನವರ ಸೀರೆಯೊಂದು ಫಾಲ್ಸ್ ಹಚ್ಚಲು ತಿಂಗಳಿಂದ ನನ್ನಲ್ಲಿ ಬಿದ್ದಿತ್ತು. ಸಿಟ್ಟಿನಲ್ಲಿ ಮುಟ್ಟಿರಲಿಲ್ಲ. ಅವತ್ತು ಗಂಟೆಯೊಳಗೆ ಹಚ್ಚಿ ಮುಗಿಸಿ, ಮಡಚಿ ಹಿಡಿದುಕೊಂಡು ಹೋದೆ. ಗುರುಬಸಮ್ಮನಿಗೆ ಕಿವಿ ಮಂದ. ಬೀದಿಯ ಮಾತು ಅವರಿಗೆ ತಲುಪಿತ್ತೋ ಇಲ್ಲವೋ, ಸೀರೆ ನೋಡಿ ಮುಖ ಅರಳಿತು. “ಬಿಸಿಲಲ್ಲಿ ಬಂದೀಯವ್ವ, ಕೂತ್ಕೋ, ಮಜ್ಜಿಗೆ ತರ್ತೀನಿ,” ಎಂದು ಒಳಗೆ ಹೋದರು.

ಗೋಡೆಯ ಗೂಟಕ್ಕೆ ಚೆನ್ನವೀರಪ್ಪನವರ ಹಳೆಯ ಚರ್ಮದ ಟಿಕೆಟ್ ಚೀಲ ತೂಗುತ್ತಿತ್ತು. ಮನೆಯ ಕಾಗದಪತ್ರವನ್ನೆಲ್ಲ ಅವರು ಅದರಲ್ಲೇ ಇಡುವುದು ನನಗೆ ಗೊತ್ತಿತ್ತು. ಚೀಲದ ಬಾಯಿ ತೆಗೆದು ಕೈ ಹಾಕಿದೆ. ಮೇಲೆಯೇ ಇತ್ತು, ನಾಲ್ಕು ಮಡಿಕೆಯ ಕಾಗದ.

ಬಿಚ್ಚಿದಾಗ ಮೊದಲು ಕಂಡದ್ದು ಅಕ್ಷರ. ಸ್ಲೇಟಿನ ಮೇಲೆ ಕೈ ಹಿಡಿದು ನಾನೇ ತಿದ್ದಿಸಿದ ಅಕ್ಷರ. ಈಗಲೂ ಅವಳು ಸಾಲು ಮುಗಿಯುತ್ತ ಬಂದಂತೆ ಮೇಲಕ್ಕೆ ಹತ್ತಿಸಿ ಬರೆಯುತ್ತಾಳೆ.

‘ಮಾನ್ಯ ಚೆನ್ನವೀರಪ್ಪನವರಿಗೆ, ತಮ್ಮ ಮನೆಯ ಹಿಂಭಾಗದಲ್ಲಿ ಬಾಡಿಗೆಗಿರುವ ಮಂದಾಕಿನಿ ಬರೆದುಕೊಡುವ ನೋಟೀಸು. ಇಂದಿನಿಂದ ಮೂವತ್ತು ದಿನಕ್ಕೆ ನಾನು ಈ ಮನೆ ಬಿಡುತ್ತೇನೆ. ಕಾರಣ: ನನ್ನ ಅಕ್ಕ ನನ್ನನ್ನು ನಂಬುವುದಿಲ್ಲ. ಎಲ್ಲಿದ್ದೆ, ಯಾರ ಜೊತೆ ಇದ್ದೆ ಎಂದು ದಿನಾ ಉತ್ತರ ಕೊಟ್ಟು ಸಾಕಾಗಿದೆ. ಬೇರೆ ಕಡೆ ಒಬ್ಬಳೇ ಇರಬೇಕು ಅನ್ನಿಸಿದೆ.’

ಕೆಳಗೆ ನಡುಗುವ ಕೈಯ ‘ತಲುಪಿತು’, ಅದರ ಕೆಳಗೆ ಚೆನ್ನವೀರಪ್ಪನವರ ರುಜು.

ಹಿಂದೆ ಚಪ್ಪಲಿ ಬಿಡುವ ಸದ್ದಾಯಿತು. ಪಿಂಚಣಿ ಆಫೀಸಿಗೆ ಅವತ್ತು ರಜೆಯಂತೆ, ಚೆನ್ನವೀರಪ್ಪನವರು ಅರ್ಧ ದಾರಿಯಿಂದ ತಿರುಗಿ ಬಂದಿದ್ದರು. ನನ್ನ ಕೈಯಲ್ಲಿದ್ದ ಕಾಗದ ನೋಡಿದರು, ತೆರೆದ ಚೀಲ ನೋಡಿದರು.

“ಮೂವತ್ತಾರು ವರ್ಷ ಆ ಚೀಲ ನನ್ನ ಹೆಗಲ ಮೇಲಿತ್ತು,” ಅಂದರು. “ತುಂಬಿದ ಬಸ್ಸಲ್ಲೂ ಅದರೊಳಗೆ ಯಾರೂ ಕೈ ಹಾಕಿರಲಿಲ್ಲ.”

ನನ್ನ ಬಾಯಿಂದ ಕ್ಷಮಿಸಿ ಎಂಬ ಮಾತು ಬರಬೇಕಿತ್ತು. “ಯಾಕೆ ಹೇಳ್ಲಿಲ್ಲ ನೀವು?” ಎಂದು ಬಂತು.

“ಆ ಹುಡುಗಿ ಕೇಳ್ಕೊಂಡ್ಲು. ಅಕ್ಕಂಗೆ ನಾನೇ ಹೇಳ್ತೀನಿ, ಎರಡು ದಿನ ಸುಮ್ಮನಿರ್ರಿ ಅಂದ್ಲು. ಎರಡು ಹೋಗಿ ಹತ್ತೊಂಬತ್ತಾತು. ಮಾತು ಕೊಟ್ಟಿದ್ದೆ, ಏನ್ ಮಾಡ್ಲಿ?” ಅವರು ಚೀಲದೊಳಗೆ ಕೈ ಹಾಕಿ ಇನ್ನೂ ಮೂರು ಕಾಗದ ತೆಗೆದರು. “ಇದಕ್ಕೂ ಮುಂಚೆ ಮೂರು ಕೊಟ್ಟಿದ್ಲು, ನೋಡ್ರಿ. ಹೋದ ವರ್ಷದಿಂದ. ಅಂಗಡಿ ದೂರ ಆಗ್ತದೆ ಅಂತ ಒಂದು. ಸೂರು ಸೋರ್ತದೆ ಅಂತ ಒಂದು. ನಾನು ಪಾಪ ಅಂತ ಗಾರೆಯವನ್ನ ಕರ್ಸಿ ತೋರ್ಸಿದೆ, ಸೋರೋದೇ ಇಲ್ಲ. ಬಚ್ಚಲು ಚಿಕ್ಕದು ಅಂತ ಇನ್ನೊಂದು. ಮೂರಕ್ಕೂ ನಾನು ರುಜು ಹಾಕ್ದೆ. ನಿಮ್ಮನೇಲಿ ಒಂದು ಲೋಟಾನೂ ಅಲುಗ್ಲಿಲ್ಲ. ಅಕ್ಕನ ಮನಸ್ಸು ನೋಯಬಾರ್ದು ಅಂತ ಸುಳ್ಳು ಬರ್ದಿದ್ಲು.”

ಗುರುಬಸಮ್ಮ ಮಜ್ಜಿಗೆ ತಂದು ನನ್ನ ಕೈಗೆ ಕೊಟ್ಟರು. ಬೀರು ಎತ್ತುವುದಕ್ಕೆ ಅವರ ಅಣ್ಣನ ಮಕ್ಕಳಿಬ್ಬರು ಬರುತ್ತಾರೆಂದೂ ನಾನು ಅದರ ಚಿಂತೆ ಬಿಡಬೇಕೆಂದೂ ಹೇಳಿದರು. ಮಜ್ಜಿಗೆ ಕುಡಿದು ಮನೆಗೆ ಬಂದೆ.

ಇಷ್ಟು ತಿಳಿದ ಮೇಲೆ ಬೇರೆ ಯಾರಾದರೂ ತಂಗಿಯನ್ನು ಕೂರಿಸಿಕೊಂಡು ಮಾತಾಡುತ್ತಿದ್ದರು. ನಾನು ಹಾಗೆ ಮಾಡಲಿಲ್ಲ. ಒಬ್ಬಳೇ ಇರಬೇಕು ಎಂದು ಯಾವ ಹೆಂಗಸು ಸುಮ್ಮನೆ ಬರೆಯುತ್ತಾಳೆ? ಯಾರೋ ಇದ್ದಾನೆ. ಆ ಏಳೆಂಟು ನಿಮಿಷದ ತಡ ಅವನಿಂದಲೇ. ನೋಟೀಸಿನಲ್ಲಿ ಬರೆದದ್ದು ನಿಜವಿರಬಹುದು, ಆದರೆ ಪೂರ್ತಿ ನಿಜ ಇರಲಿಕ್ಕಿಲ್ಲ. ಹೀಗೆಂದುಕೊಂಡು ಮಾರನೆಯ ದಿನ ಆರಕ್ಕೆ ಹತ್ತು ನಿಮಿಷವಿರುವಾಗ ಕನ್ನಡಕದಂಗಡಿಯ ಎದುರಿನ ಹಣ್ಣಿನ ಗಾಡಿಯ ಹಿಂದೆ ಸೆರಗು ಹೊದ್ದು ನಿಂತೆ.

ಮಂದಾ ಆರಕ್ಕೆ ಸರಿಯಾಗಿ ಹೊರಗೆ ಬಂದಳು. ಮೂಲೆಯಲ್ಲಿ ಒಂದು ಪೊಟ್ಟಣ ಕಡಲೆಕಾಯಿ ತೆಗೆದುಕೊಂಡಳು. ಮನೆಯ ದಾರಿ ಬಿಟ್ಟು ಎಡಕ್ಕೆ ತಿರುಗಿದಳು. ನಾನೂ ಹಿಂದೆಯೇ ಹೋದೆ. ನೀರಿನ ಟ್ಯಾಂಕಿನ ಕೆಳಗೆ ಒಂದು ಸಿಮೆಂಟಿನ ಕಟ್ಟೆ ಇದೆ. ಅಲ್ಲಿಗೆ ಹೋಗಿ ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡು ರಸ್ತೆಗೆ ಬೆನ್ನು ಮಾಡಿ ಕೂತಳು. ಈಗ ಬರುತ್ತಾನೆ ಎಂದು ನಾನು ಕಂಬದ ಮರೆಯಲ್ಲಿ ಕಾದೆ. ಅವಳು ಒಂದೊಂದೇ ಕಡಲೆಕಾಯಿ ಒಡೆದು ತಿಂದಳು. ಸಿಪ್ಪೆಯನ್ನು ಪೊಟ್ಟಣಕ್ಕೇ ಹಾಕಿಕೊಂಡಳು. ಟ್ಯಾಂಕಿನಿಂದ ತೊಟ್ಟಿಕ್ಕುವ ನೀರನ್ನು ಸ್ವಲ್ಪ ಹೊತ್ತು ನೋಡಿದಳು. ಯಾರೂ ಬರಲಿಲ್ಲ. ಕೈಗಡಿಯಾರ ನೋಡಿಕೊಂಡು ಅವಸರದಲ್ಲಿ ಎದ್ದಳು, ಬಾಯಿ ಒರೆಸಿಕೊಂಡಳು, ಚಪ್ಪಲಿ ಮೆಟ್ಟಿಕೊಂಡು ತಿರುಗಿದಳು. ಎದುರಿಗೆ ನಾನಿದ್ದೆ.

“ಯಾರಿಗೆ ಕಾಯ್ತಿದ್ದೆ?” ನನ್ನ ಬಾಯಿಂದ ಮೊದಲು ಬಂದದ್ದು ಅದೇ.

“ಯಾರಿಗೂ ಇಲ್ಲಕ್ಕ.” ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಇಲ್ಲಿ ಏಳು ನಿಮಿಷ ಕೂರ್ತೀನಿ. ಅಷ್ಟೇ.”

“ನಿನ್ನ ನೋಟೀಸು ಓದಿದೆ.”

ಅವಳು ಕಟ್ಟೆಯ ಮೇಲೆ ಮತ್ತೆ ಕೂತಳು. “ಯಾವಾಗ?”

“ನಿನ್ನೆ.”

“ಓದಿದ ಮೇಲೂ ನನ್ನ ಹಿಂದೆ ಬಂದ್ಯಾ?”

ಅವಳ ಪಕ್ಕ ಕೂತೆ. ರಸ್ತೆಯಲ್ಲಿ ಬಸ್ಸುಗಳು ಹೋಗುತ್ತಿದ್ದವು. ಒಂದು ಕಡಲೆಕಾಯಿ ಉಳಿದಿತ್ತು. ಅವಳು ಅದನ್ನು ಒಡೆದು ಒಂದು ಕಾಳು ನನ್ನ ಅಂಗೈಗೆ ಹಾಕಿದಳು, ಚಿಕ್ಕವಳಿದ್ದಾಗ ಕೊಡುತ್ತಿದ್ದ ಹಾಗೆ. ನನಗೆ ಅಳು ಬಂತು. ನಾನು ಅತ್ತದ್ದನ್ನು ಅವಳು ಅಮ್ಮ ಹೋದ ದಿನ ಬಿಟ್ಟರೆ ನೋಡಿರಲಿಲ್ಲ.

“ವಾಪಸ್ ತಗೊಳ್ಳೇನಕ್ಕ?” ಅಂದಳು. “ಬರೆದವರು ಹರಿದು ಹಾಕಿದ್ರೆ ಮುಗೀತು. ಸಾಮಾನು ನಿಂತಲ್ಲೇ ನಿಲ್ಲತ್ತೆ.”

ತಗೋ ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು. ಬೇಡ ಎನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುವಾಗ ಅವಳು ಹಾಗೆ ನೋಡುತ್ತಾಳೆ.

“ಕಾಗದ ಹರೀಬಹುದು,” ಅಂದೆ. “ಬರೆದ ಕಾರಣ ಹರಿಯಲ್ಲವಲ್ಲ. ಬೇಡ, ಇರ್ಲಿ. ಮನೆ ನೋಡಿದ್ಯಾ?”

“ಬೇಕರಿ ಮೇಲೆ ಒಂದು ಕೋಣೆ ಇದೆ. ಕಿಟಕಿ ದೊಡ್ಡದು.” ಪೊಟ್ಟಣ ಮಡಚಿಕೊಂಡು, “ನೀನು ಈಗಿನ ಮನೇಲೇ ಇರಬಹುದು. ನಿನ್ನ ಹೆಸರಿಗೆ ಕರಾರು ಮಾಡ್ಕೊಡಿ ಅಂತ ಯಜಮಾನ್ರನ್ನ ಮೊದಲೇ ಕೇಳಿದೀನಿ. ಒಪ್ಪಿದ್ರು. ಆಮೇಲೆ ನೀನು ಬೈದೆ. ಈಗ ಏನಂತಾರೋ ಗೊತ್ತಿಲ್ಲ,” ಅಂದಳು.

ಮಾರನೆಯ ಬೆಳಿಗ್ಗೆ ನೀರು ಬರುವ ಹೊತ್ತಿಗೆ ನಲ್ಲಿಗೆ ಹೋದೆ. ಹೊರಡುವ ಮುಂಚೆ, ಬೀದಿಯವರಿಗೆ ನಿಜ ಹೇಳಿಬಿಡುತ್ತೇನೆ ಎಂದದ್ದಕ್ಕೆ ಚೆನ್ನವೀರಪ್ಪನವರು ನನ್ನನ್ನು ತಡೆದಿದ್ದರು. “ನನ್ನ ಮೇಲೇ ಇರ್ಲಿ ಬಿಡ್ರಿ. ತಂಗಿ ಅಕ್ಕನ್ನ ಬಿಟ್ಟು ಹೊಂಟ್ಲು ಅಂತ ಬೀದಿ ಜನ ಆಡ್ಕೊಳ್ಳೋದು ಬ್ಯಾಡ,” ಎಂದಿದ್ದರು. ನಾನು ಮೂರನೆಯ ದಾರಿ ಹಿಡಿದೆ. ಶಾರದಾಬಾಯಿಯ ಮುಂದೆ ನಿಂತು, “ನೋಟೀಸು ನಮ್ಮ ಮನೆಯಿಂದಲೇ ಹೋಗಿದ್ದು. ನಾನೇ ಕೊಡ್ಸಿದ್ದು. ಯಜಮಾನ್ರು ಯಾರ ರುಜೂನೂ ಹಾಕಿಲ್ಲ. ನಾನು ಹೇಳಿದ್ದು ಸುಳ್ಳು,” ಅಂದೆ.

ಕೊಡ ತುಂಬಿ ಹರಿಯುತ್ತಿದ್ದರೂ ಶಾರದಾಬಾಯಿ ನಲ್ಲಿ ನಿಲ್ಲಿಸಲಿಲ್ಲ. “ನೀವೇ ಕೊಟ್ಟು, ಇಪ್ಪತ್ತು ದಿನ ಆ ವಯಸ್ಸಾದವರ ಮೇಲೆ ಕೆಸರೆರಚಿದ್ರಾ? ಯಾಕ್ರೀ?”

“ಯಾಕೋ,” ಅಂದೆ.

ಅಂದಿನಿಂದ ಬೀದಿಯವರು ಚೆನ್ನವೀರಪ್ಪನವರನ್ನು ಮಾತಾಡಿಸಿದರು, ನನ್ನನ್ನು ಬಿಟ್ಟರು. ನನ್ನ ಕೈಗೆ ಸೀರೆ ಕೊಡುವವರು ಮೊದಲು ಅಂಚು, ಸೆರಗು ಎಲ್ಲ ನನ್ನ ಮುಂದೆಯೇ ಬಿಡಿಸಿ ನೋಡಿ ಕೊಡತೊಡಗಿದರು. ಬ್ಲೌಸ್ ತಲುಪಿಸಲು ಯಾರ ಮನೆಗಾದರೂ ಹೋದರೆ ನನ್ನೊಬ್ಬಳನ್ನೇ ಹಜಾರದಲ್ಲಿ ಬಿಟ್ಟು ಒಳಗೆ ಹೋಗುತ್ತಿರಲಿಲ್ಲ. ಒಬ್ಬರು ಕಣ್ಣಿಟ್ಟು ಕಾಯುತ್ತಿದ್ದರೆ ಕೈಕಾಲು ಎಲ್ಲಿಡಬೇಕೆಂದು ತೋಚುವುದಿಲ್ಲ ಎಂಬುದು ನನಗೆ ತಿಳಿದದ್ದು ಆಗ. ಸುಮ್ಮನೆ ಕೂತಿದ್ದರೂ ಏನೋ ಕದ್ದವಳ ಹಾಗೆ ಅನ್ನಿಸುತ್ತದೆ.

ಮೂವತ್ತನೆಯ ದಿನ ಬೆಳಿಗ್ಗೆ ಎದ್ದಾಗ ನಾವಿಬ್ಬರೂ ಹಾಸಿಗೆ ಸಮೇತ ಹೊಸ್ತಿಲ ಹೊರಗಿದ್ದೆವು. ಬೀರು, ಮೆಷಿನ್ನು, ಡಬ್ಬಗಳು, ಗೋಡೆಯ ಕ್ಯಾಲೆಂಡರು, ಎಲ್ಲ ಅಂಗಳದಲ್ಲಿ ಸಾಲಾಗಿ ನಿಂತಿದ್ದವು. ಮಂದಾ ನನ್ನ ಕಡೆ ನೋಡಿ ನಕ್ಕಳು, ನಾನೂ ನಕ್ಕೆ. ಗುರುಬಸಮ್ಮನ ಅಣ್ಣನ ಮಕ್ಕಳು ಬಂದು ಅವಳ ಪಾಲಿನದನ್ನು ಗೂಡ್ಸ್ ಆಟೋಗೆ ಏರಿಸಿದರು. ಬೀರುವನ್ನು ಅವಳಿಗೇ ಕೊಟ್ಟೆ. ಅದರ ಎರಡು ಬೀಗದ ಕೈಯಲ್ಲಿ ಒಂದು ಯಾವಾಗಲೂ ನನ್ನ ಸೊಂಟದಲ್ಲಿರುತ್ತಿತ್ತು. ಅದನ್ನೂ ಬಿಚ್ಚಿ ಕೊಟ್ಟೆ. ಅವಳು ಎರಡನ್ನೂ ಒಂದೇ ದಾರಕ್ಕೆ ಪೋಣಿಸಿಕೊಂಡಳು.

ಆಟೋ ಹೋದ ಮೇಲೆ ಚೆನ್ನವೀರಪ್ಪನವರು ಜಗಲಿಗೆ ಬಂದು ಕರಾರಿನ ಕಾಗದ ಮುಂದಿಟ್ಟರು. “ಹೆಸರು ಬರೀರಿ,” ಅಂದರು. ಬರೆದೆ. “ಯಜಮಾನ್ರೇ, ನಿಮಗೆ ನಾನು ಮಾಡಿದ್ದು…” ಎಂದು ಶುರು ಮಾಡಿದೆ. ಅವರು ಕೈ ಎತ್ತಿ ತಡೆದರು. “ಆ ನರ್ಸಮ್ಮ ಮೊನ್ನೆ ತಿರುಗಿ ಬಂದು ಕೋಣೆ ನೋಡ್ಕೊಂಡು ಹೋದ್ಲು. ಮುಂದಿನ ವಾರ ಬರ್ತಾಳೆ. ಅವಳು ಹೊತ್ತಲ್ಲದ ಹೊತ್ತಲ್ಲಿ ಡ್ಯೂಟಿಗೆ ಹೋಗ್ತಾಳೆ, ಬರ್ತಾಳೆ. ನೀವು ನೋಡ್ದಂಗೆ ಇದ್ರೆ ಸಾಕು.” ಮೊದಲಿನ ಹಾಗೆ ಸಂಜೆ ನಮ್ಮ ಬಾಗಿಲಿಗೆ ಬಂದು ಹಳೆಯ ಬಸ್ ರೂಟಿನ ಕತೆ ಹೇಳುವುದನ್ನು ಅವರು ಮತ್ತೆ ಮಾಡಲಿಲ್ಲ. ಎದುರಾದರೆ ಊಟ ಆಯ್ತಾ ಎಂದು ಕೇಳುತ್ತಾರೆ, ಅಷ್ಟೇ.

ತಿಂಗಳೊಂದು ಕಳೆದು ಮಂದಾ ಹೇಳಿಕಳಿಸಿದಳು, ಭಾನುವಾರ ಐದು ಗಂಟೆಗೆ ಬಾ ಎಂದು. ಹೋದೆ. ಬೇಕರಿಯ ಪಕ್ಕದ ಮೆಟ್ಟಿಲು ಹತ್ತಿ ನೋಡಿದರೆ ಬೀಗ. ಮೆಟ್ಟಿಲ ಮೇಲೆ ಕೂತೆ. ಕೆಳಗಿನಿಂದ ಬನ್ನು ಬೇಯುವ ವಾಸನೆ ಬರುತ್ತಿತ್ತು. ಐದೂವರೆ ಆಯಿತು, ಆರಾಯಿತು. ಆರು ಹತ್ತಕ್ಕೆ ಅವಳು ಬಂದಳು. ತಲೆಯಲ್ಲಿ ಮಲ್ಲಿಗೆ ಇತ್ತು, ಸೀರೆಯ ಅಂಚಿಗೆ ಕೆಂಪು ಮಣ್ಣು ಮೆತ್ತಿತ್ತು, ತನ್ನಷ್ಟಕ್ಕೆ ನಗುತ್ತ ಮೆಟ್ಟಿಲು ಹತ್ತುತ್ತಿದ್ದವಳು ನನ್ನನ್ನು ಕಂಡು ನಿಂತಳು.

ಕೀಲಿ ಕೈಯಲ್ಲಿ ಹಿಡಿದು, ನಾನು ಕೇಳುವುದಕ್ಕೇ ಕಾಯುವವಳ ಹಾಗೆ ನೋಡಿದಳು. ಕೆಂಪು ಮಣ್ಣು ನಮ್ಮ ಊರಲ್ಲಿ ಎಲ್ಲಿದೆ ಎಂದು ನಾನು ಆಗಲೇ ಲೆಕ್ಕ ಹಾಕತೊಡಗಿದ್ದೆ. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು.

“ಹಸಿವಾಗ್ತಿದೆ ಕಣೇ, ಬಾಗಿಲು ತೆಗಿ,” ಅಂದೆ.

ಅವಳು ಬಾಗಿಲು ತೆಗೆದಳು. ರವೆ ಹುರಿದು ಉಪ್ಪಿಟ್ಟು ಮಾಡಿದಳು, ನಾನು ಈರುಳ್ಳಿ ಹೆಚ್ಚಿಕೊಟ್ಟೆ. ದೊಡ್ಡ ಕಿಟಕಿಯ ಹತ್ತಿರ ಕೂತು ತಿಂದೆವು. ಅಂಗಡಿಯ ಸುದ್ದಿ ಹೇಳಿದಳು, ಕಣ್ಣು ಪರೀಕ್ಷೆಗೆ ಬಂದ ಮುದುಕಿಯೊಬ್ಬಳು ಓದುವ ಹಲಗೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ ಕತೆ ಹೇಳಿ ನಗಿಸಿದಳು. ಹೊರಡುವಾಗ ಮೆಟ್ಟಿಲಿಳಿದು ಬೇಕರಿಯವರೆಗೂ ಬಂದು ಕಳಿಸಿಕೊಟ್ಟಳು. ಆ ಸಂಜೆ ಅವಳು ಎಲ್ಲಿಗೆ ಹೋಗಿದ್ದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ.